ಕ್ರೈಸ್ತ ಧ್ಯಾನ: ದಿನನಿತ್ಯದ ಬದುಕಿನಲ್ಲಿ

ಬೈಬಲಿನ ಒಂದು ವಾಕ್ಯವನ್ನೋ, ಕ್ರಿಸ್ತನ ಜೀವನದ ಒಂದು ಪ್ರಸಂಗವನ್ನೋ, ಯೇಸುವಿನ ಹೆಸರನ್ನೋ ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಅದರ ಮೂಲಕ ದೇವರ ಸನ್ನಿಧಿಯಲ್ಲಿ ಇರುವ ಪ್ರಾರ್ಥನಾ ಕ್ರಮಕ್ಕೆ ಕ್ರೈಸ್ತ ಧ್ಯಾನ ಎಂದು ಹೆಸರು. ಚರ್ಚಿನಲ್ಲಿ ಕೂಡಿ ನಡೆಸುವ ಆರಾಧನೆಯಿಂದಲೂ ಬಾಯಿಪಾಠದ ಪ್ರಾರ್ಥನೆಯಿಂದಲೂ ಇದು ಬೇರೆ. ಆದರೆ ಅವೆರಡರಿಂದಲೂ ಬಲ ಪಡೆಯುತ್ತದೆ. ಇದರ ವಿಧಾನಗಳು ಹೆಚ್ಚಾಗಿ ರೂಪುಗೊಂಡದ್ದು ಈಜಿಪ್ಟಿನ ಮರುಭೂಮಿಯಲ್ಲಿ ಮತ್ತು ಯೂರೋಪಿನ ಮಠಗಳಲ್ಲಿ. ಅವನ್ನು ಮನೆ, ಹೊಲ, ಅಂಗಡಿ, ಅಡುಗೆಮನೆಗಳಲ್ಲಿ ದುಡಿಯುವವರಿಗೂ ದಕ್ಕುವಂತೆ ಮಾಡುವ ಪ್ರಯತ್ನ ಶತಮಾನಗಳಿಂದ ನಡೆದು ಬಂದಿದೆ. ಕೆಲಸ ಬಿಟ್ಟು ಹೋಗದೆಯೇ ಧ್ಯಾನ ಸಾಧ್ಯ, ಹಾಗೆ ಮಾಡಿದ ಧ್ಯಾನ ಸನ್ಯಾಸಿಗಳ ಧ್ಯಾನಕ್ಕಿಂತ ಕಡಿಮೆಯದಲ್ಲ ಎಂಬ ನಂಬಿಕೆ ಈ ಪರಂಪರೆಯ ಜೀವಾಳ.

ಬೈಬಲಿನ ಆಧಾರ

ಕ್ರೈಸ್ತ ಧ್ಯಾನದ ಬೇರು ಯೆಹೂದ್ಯರ ಪ್ರಾರ್ಥನೆಯಲ್ಲಿದೆ. ಕೀರ್ತನೆಗಳ ಗ್ರಂಥದ ಮೊದಲ ಕೀರ್ತನೆಯೇ ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಮನನ ಮಾಡುವವನ ಬಾಳನ್ನು ಹೊಗಳುತ್ತದೆ. ಆ ಕಾಲದ ಮನನವೆಂದರೆ ತಗ್ಗಿದ ದನಿಯಲ್ಲಿ ಗುಣುಗುಣಿಸುತ್ತ ಓದುವುದು. ನಾಲಿಗೆ, ಕಿವಿ, ನೆನಪು ಮೂರಕ್ಕೂ ಅದರಲ್ಲಿ ಕೆಲಸವಿತ್ತು. ಯೇಸು ಬೆಳಕು ಹರಿಯುವ ಮುಂಚೆ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದುದನ್ನು ಮಾರ್ಕನು ಬರೆದಿದ್ದಾನೆ. ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಪ್ರಾರ್ಥಿಸಬೇಕೆಂಬ ಬೋಧನೆ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಮಗನ ಜನನದ ಸುತ್ತ ನಡೆದದ್ದನ್ನೆಲ್ಲ ಮರಿಯಳು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸುತ್ತಿದ್ದಳೆಂದು ಲೂಕನು ಹೇಳುತ್ತಾನೆ. ಆದ್ದರಿಂದಲೇ ಮರಿಯಳನ್ನು ಧ್ಯಾನಿಸುವವರ ಮಾದರಿಯೆಂದು ಧರ್ಮಸಭೆ ಕಂಡಿತು. ಪ್ರಾರ್ಥನೆ ಎಡೆಬಿಡದೆ ಸಾಗಬೇಕೆಂದು ಥೆಸಲೋನಿಕದ ಸಭೆಗೆ ಪೌಲನು ಬರೆದ. ಉಣ್ಣುವ, ನಿದ್ರಿಸುವ, ದುಡಿಯುವ ಮನುಷ್ಯ ಇದನ್ನು ನಡೆಸುವುದು ಹೇಗೆ? ಮುಂದಿನ ಎಲ್ಲ ವಿಧಾನಗಳೂ ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರಗಳು.

ಮರುಭೂಮಿಯಿಂದ ಮಠಕ್ಕೆ

3 ಮತ್ತು 4ನೇ ಶತಮಾನಗಳಲ್ಲಿ ಸಂತ ಅಂತೋಣಿಯ ದಾರಿ ಹಿಡಿದು ಈಜಿಪ್ಟಿನ ಮರುಭೂಮಿಗೆ ಹೋದ ತಪಸ್ವಿಗಳು ಖರ್ಜೂರದ ಗರಿಗಳಿಂದ ಹಗ್ಗ, ಬುಟ್ಟಿ, ಚಾಪೆ ಹೆಣೆದು ಹೊಟ್ಟೆ ಹೊರೆಯುತ್ತಿದ್ದರು. ಕೈ ಹೆಣೆಯುತ್ತಿದ್ದಂತೆ ಬಾಯಿ ಬೈಬಲಿನ ವಾಕ್ಯವನ್ನು ಹೇಳುತ್ತಿತ್ತು. ಕೆಲಸವೂ ಧ್ಯಾನವೂ ಒಂದೇ ಹೊತ್ತಿನಲ್ಲಿ ನಡೆಯುವ ಈ ಕ್ರಮ ಕ್ರೈಸ್ತ ಧ್ಯಾನದ ಹಳೆಯ ರೂಪಗಳಲ್ಲೊಂದು. ಈ ತಪಸ್ವಿಗಳ ಬಳಿ ಕಲಿತು ಬಂದ ಜಾನ್ ಕ್ಯಾಸಿಯನ್ 5ನೇ ಶತಮಾನದ ಆರಂಭದಲ್ಲಿ ಈಗಿನ ಫ್ರಾನ್ಸಿನ ಮಾರ್ಸೇಲಿನಲ್ಲಿ ಮಠ ಕಟ್ಟಿ, ಅವರ ಉಪದೇಶಗಳನ್ನು ಲ್ಯಾಟಿನ್ನಿನಲ್ಲಿ ಬರೆದಿಟ್ಟ. ಸಹಾಯಕ್ಕಾಗಿ ದೇವರನ್ನು ಕರೆಯುವ ಕೀರ್ತನೆಯ ಒಂದೇ ವಾಕ್ಯವನ್ನು ಸುಖದಲ್ಲೂ ಸಂಕಟದಲ್ಲೂ, ಊಟದಲ್ಲೂ ನಿದ್ದೆ ಹತ್ತುವಾಗಲೂ ಹೇಳಿಕೊಳ್ಳುತ್ತಿರಬೇಕೆಂಬ ಮಠಾಧಿಪತಿ ಐಸಾಕನ ಉಪದೇಶ ಅದರಲ್ಲಿದೆ.

6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ನಿಯಮಾವಳಿಯಲ್ಲಿ ದಿನವನ್ನು ಸಾಮೂಹಿಕ ಪ್ರಾರ್ಥನೆ, ಮೈಮುರಿದು ಮಾಡುವ ಕೆಲಸ ಮತ್ತು ಶಾಸ್ತ್ರ ಪಠಣಕ್ಕೆ ಹಂಚಿದ. ಆ ಪಠಣಕ್ಕೆ ಲೆಕ್ಟಿಯೋ ಡಿವಿನಾ ಎಂಬ ಹೆಸರು ನಿಂತಿತು. 12ನೇ ಶತಮಾನದಲ್ಲಿ ಕಾರ್ತೂಸಿಯನ್ ಮಠದ ಎರಡನೆಯ ಗೀಗೋ ಇದಕ್ಕೆ ಓದು, ಮನನ, ಪ್ರಾರ್ಥನೆ, ದರ್ಶನ ಎಂಬ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದ.

ಪೂರ್ವದ ಗ್ರೀಕ್ ಸಭೆಗಳಲ್ಲಿ ಯೇಸು ಪ್ರಾರ್ಥನೆ ಬೆಳೆಯಿತು. ದೇವಕುಮಾರನಾದ ಯೇಸುಕ್ರಿಸ್ತನನ್ನು ಹೆಸರು ಹಿಡಿದು ಕರೆದು, ಪಾಪಿಯಾದ ತನ್ನ ಮೇಲೆ ಕರುಣೆ ಬೇಡುವ ಒಂದೇ ವಾಕ್ಯದ ಜಪ ಇದು. ಗ್ರೀಸಿನ ಅಥೋಸ್ ಬೆಟ್ಟದ ಸನ್ಯಾಸಿಗಳು ಇದನ್ನು ಉಸಿರಾಟದೊಂದಿಗೆ ಕೂಡಿಸಿದಾಗ ಆಕ್ಷೇಪ ಎದ್ದಿತು. ಗ್ರೆಗರಿ ಪಾಲಮಾಸ್ ಅವರ ಪರವಾಗಿ ವಾದಿಸಿದ. 1341 ಮತ್ತು 1351ರ ಕಾನ್‌ಸ್ಟಾಂಟಿನೋಪಲ್ ಸಭೆಗಳು ಅವನ ಪಕ್ಷವನ್ನು ಎತ್ತಿಹಿಡಿದವು. ಅದೇ ಶತಮಾನದ ನಿಕೊಲಾಸ್ ಕಬಾಸಿಲಾಸ್, ಸೇನಾಪತಿ ಸೈನ್ಯ ನಡೆಸುತ್ತಲೇ, ರೈತ ಉಳುತ್ತಲೇ ಕ್ರಿಸ್ತನನ್ನು ಧ್ಯಾನಿಸಬಹುದು, ಅದಕ್ಕಾಗಿ ಕಸುಬು ಬಿಡಬೇಕಿಲ್ಲ ಎಂದು ಬರೆದ.

ಗೃಹಸ್ಥರ ಬಳಿಗೆ

ಕಸುಬು ಬಿಡದೆಯೇ ಧ್ಯಾನ ಸಾಧ್ಯ ಎಂಬ ಮಾತಿಗೆ 16ನೇ ಶತಮಾನದಲ್ಲಿ ಹೊಸ ಬಲ ಬಂತು. ಮಾರ್ಟಿನ್ ಲೂಥರನ ಕ್ಷೌರಿಕ ಪೀಟರ್, ಪ್ರಾರ್ಥನೆ ಮಾಡುವ ಬಗೆ ತಿಳಿಸಬೇಕೆಂದು ಅವನನ್ನು ಕೇಳಿದ್ದ. ಉತ್ತರವಾಗಿ ಲೂಥರ್ 1535ರಲ್ಲಿ ಒಂದು ಪುಟ್ಟ ಪುಸ್ತಕವನ್ನೇ ಬರೆದುಕೊಟ್ಟ. ಬೆಳಗಿನ ಮೊದಲ ಕೆಲಸ ಮತ್ತು ರಾತ್ರಿಯ ಕೊನೆಯ ಕೆಲಸ ಪ್ರಾರ್ಥನೆಯಾಗಲಿ, ಇನ್ನೊಂದು ಗಳಿಗೆ ಬಿಟ್ಟು ಮಾಡೋಣ ಎಂಬ ಯೋಚನೆಗೆ ಎಡೆಗೊಡಬಾರದು ಎಂಬುದು ಅವನ ಮೊದಲ ಸಲಹೆ. ದಶಾಜ್ಞೆಗಳಲ್ಲಿ ಒಂದೊಂದನ್ನೂ ನಾಲ್ಕು ಬಗೆಯಲ್ಲಿ ಧ್ಯಾನಿಸುವ ದಾರಿಯನ್ನೂ ತೋರಿಸಿದ: ಅದು ಕಲಿಸುವುದೇನು, ಅದಕ್ಕಾಗಿ ಸಲ್ಲಿಸಬೇಕಾದ ಕೃತಜ್ಞತೆ ಯಾವುದು, ಒಪ್ಪಿಕೊಳ್ಳಬೇಕಾದ ತಪ್ಪು ಯಾವುದು, ಬೇಡಬೇಕಾದದ್ದೇನು. ಗಮನ ಹೇಗಿರಬೇಕೆಂದು ವಿವರಿಸಲು ಪೀಟರನ ಕಸುಬನ್ನೇ ಉದಾಹರಣೆಯಾಗಿ ತೆಗೆದುಕೊಂಡ. ಒಳ್ಳೆಯ ಕ್ಷೌರಿಕನ ಕಣ್ಣೂ ಮನಸ್ಸೂ ಕತ್ತಿಯ ಮೇಲಿರುತ್ತವೆ; ಹರಟುತ್ತ ಕತ್ತಿಯಾಡಿಸಿದರೆ ಎದುರಿಗೆ ಕೂತವನ ಮೂಗಿಗೇ ಅಪಾಯ.

ಕೆಥೋಲಿಕ್ ಸಭೆಯಲ್ಲಿ ಸ್ಪೇನಿನ ಇಗ್ನೇಷಿಯಸ್ ಲೊಯೋಲಾ ರಚಿಸಿದ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಗೆ 1548ರಲ್ಲಿ ಪೋಪ್ ಮೂರನೆಯ ಪಾಲ್ ಒಪ್ಪಿಗೆ ಕೊಟ್ಟರು. ಸುಮಾರು 30 ದಿನಗಳ ಏಕಾಂತದ ಕ್ರಮ ಅದು. ಆದರೆ ಸಾರ್ವಜನಿಕ ಕೆಲಸಗಳಲ್ಲಿ ತೊಡಗಿ ಊರು ಬಿಡಲಾಗದವರು ದಿನಕ್ಕೆ ಒಂದೂವರೆ ಗಂಟೆ ತೆಗೆದಿಟ್ಟು ಅದನ್ನೇ ನಿಧಾನವಾಗಿ ಮಾಡಬಹುದೆಂಬ ಸೂಚನೆಯನ್ನು ಲೊಯೋಲಾ ಅದರ ಪೀಠಿಕಾ ಟಿಪ್ಪಣಿಗಳಲ್ಲೇ ಸೇರಿಸಿದ್ದ. ಇಂದು ಉದ್ಯೋಗಸ್ಥರಿಗಾಗಿ ಅವನ ಸಂಘದವರಾದ ಜೆಸ್ಯೂಟರು ನಡೆಸುವ ತಿಂಗಳುಗಟ್ಟಲೆಯ ಧ್ಯಾನಕ್ರಮಕ್ಕೆ ಈ ಟಿಪ್ಪಣಿಯೇ ಆಧಾರ.

1609ರಲ್ಲಿ ಜಿನೀವಾದ ಬಿಷಪ್ ಫ್ರಾನ್ಸಿಸ್ ದ ಸಾಲ್ ಗೃಹಸ್ಥರಿಗೆಂದೇ ಭಕ್ತಿಜೀವನದ ಪ್ರವೇಶಿಕೆಯನ್ನು ಬರೆದ. ಬಿಷಪ್ಪನ ಭಕ್ತಿಯ ಬಗೆ ಬೇರೆ, ಕುಶಲಕರ್ಮಿಯದು ಬೇರೆ, ಗೃಹಿಣಿಯದು ಬೇರೆ. ಒಬ್ಬರ ಕ್ರಮವನ್ನು ಇನ್ನೊಬ್ಬರ ಮೇಲೆ ಹೇರಿದರೆ ಭಕ್ತಿ, ಕಸುಬು ಎರಡೂ ಕೆಡುತ್ತವೆ ಎಂಬುದು ಅವನ ನಿಲುವು. ಬೆಳಗಿನ ಧ್ಯಾನ ಮುಗಿಸಿ ಏಳುವಾಗ ಮನಸ್ಸಿಗೆ ಹಿಡಿಸಿದ ಒಂದೆರಡು ವಿಚಾರಗಳನ್ನು ಆರಿಸಿಕೊಂಡು ದಿನವಿಡೀ ಅವನ್ನು ಮತ್ತೆ ಮತ್ತೆ ನೆನೆಯಬೇಕೆಂದು ಅವನು ಕಲಿಸಿದ.

ಪ್ಯಾರಿಸಿನ ಕಾರ್ಮೆಲೈಟ್ ಮಠಕ್ಕೆ 1640ರಲ್ಲಿ ಸೇರಿದ ಬ್ರದರ್ ಲಾರೆನ್ಸ್ ಕೆಲಸದ ನಡುವೆಯೇ ಧ್ಯಾನ ಎಂಬ ಮಾತಿಗೆ ನಿದರ್ಶನವಾಗಿ ಬಾಳಿದ. ಲೊರೇನ್ ಪ್ರಾಂತ್ಯದ ಬಡ ಮನೆಯ ಹುಡುಗ ಸೈನಿಕನಾಗಿ ಗಾಯಗೊಂಡು, ಕೊನೆಗೆ ಮಠದ ಅಡುಗೆಮನೆಗೆ ಬಂದ. ಅಡುಗೆ ಕೆಲಸ ಅವನ ಸ್ವಭಾವಕ್ಕೆ ಒಗ್ಗುವಂಥದಾಗಿರಲಿಲ್ಲ. ಆದರೂ ಪ್ರತಿ ಕೆಲಸಕ್ಕೂ ಮುಂಚೆ ದೇವರೊಡನೆ ಒಂದು ಮಾತು, ನಡುವೆ ಒಂದು ನೆನಪು, ಮುಗಿದಾಗ ಒಂದು ವಂದನೆ ಎಂಬ ರೂಢಿ ಬೆಳೆಸಿಕೊಂಡ. ಹಲವರು ಏಕಕಾಲಕ್ಕೆ ಹಲವು ಸಾಮಾನು ಕೇಳುತ್ತಿದ್ದ ಗದ್ದಲದ ಅಡುಗೆಮನೆಗೂ ಚರ್ಚಿನಲ್ಲಿ ಮೊಣಕಾಲೂರಿ ಮಾಡುವ ಪ್ರಾರ್ಥನೆಗೂ ತನ್ನ ಪಾಲಿಗೆ ವ್ಯತ್ಯಾಸವೇ ಉಳಿಯಲಿಲ್ಲವೆಂದು ಅವನು ಹೇಳುತ್ತಿದ್ದ. ಕಾಲು ನೋವು ಹೆಚ್ಚಾದ ಮೇಲೆ ಮಠದವರ ಚಪ್ಪಲಿ ಹೊಲಿಯುವ ಕೆಲಸಕ್ಕೆ ಹೋದ. 1691ರಲ್ಲಿ ತೀರಿಕೊಂಡ ಮೇಲೆ ಅವನ ಪತ್ರಗಳು, ಸಂಭಾಷಣೆಗಳು ಪುಸ್ತಕವಾಗಿ ಬಂದವು. ಪ್ರಾಟೆಸ್ಟೆಂಟರೂ ಕೆಥೋಲಿಕರೂ ಸಮಾನವಾಗಿ ಓದುವ ಕೃತಿಗಳಲ್ಲಿ ಅದೂ ಒಂದು.

ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಮುದಾಯ 1731ರಿಂದ ದಿನಕ್ಕೊಂದು ಬೈಬಲ್ ವಾಕ್ಯದ ಕೈಪಿಡಿಯನ್ನು ಅಚ್ಚು ಹಾಕಿಸುತ್ತ ಬಂದಿದೆ. ಪ್ರಾಟೆಸ್ಟೆಂಟ್ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್ 1935ರಿಂದ 1937ರವರೆಗೆ ಫಿಂಕನ್‌ವಾಲ್ಡೆಯಲ್ಲಿ ನಡೆಸಿದ ಪಾದ್ರಿಗಳ ತರಬೇತಿ ಶಾಲೆಯಲ್ಲಿ ಪ್ರತಿ ಬೆಳಗ್ಗೆ ಅರ್ಧ ಗಂಟೆಯ ಮೌನ ಧ್ಯಾನವಿತ್ತು. ವಾರವಿಡೀ ಬೈಬಲಿನ ಒಂದೇ ಭಾಗ. ವಿದ್ಯಾರ್ಥಿಗಳು ಮೊದಲು ಗೊಣಗಿದರು. ಅವನು ಪಟ್ಟು ಬಿಡಲಿಲ್ಲ. ನಾಜಿ ಪೊಲೀಸರು ಶಾಲೆಯನ್ನು ಮುಚ್ಚಿಸಿದರು. 1945ರಲ್ಲಿ ಗಲ್ಲಿಗೇರುವ ಮುಂಚಿನ ಸೆರೆವಾಸದಲ್ಲೂ ಬಾನ್‌ಹೋಫರ್ ಇದೇ ಶಿಸ್ತನ್ನು ಮುಂದುವರಿಸಿದ.

ಮುಖ್ಯ ವಿಧಾನಗಳು

ಬೈಬಲಿನ ಒಂದೇ ಪ್ರಸಂಗವನ್ನು ಹಿಡಿದು ನೋಡಿದರೆ ವಿಧಾನಗಳ ನಡುವಿನ ವ್ಯತ್ಯಾಸ ತಿಳಿಯುತ್ತದೆ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದ ಕೊನೆಯಲ್ಲಿ ಜೆರಿಕೋ ಊರಿನ ಹೊರಗೆ ದಾರಿ ಬದಿಯಲ್ಲಿ ಕುಳಿತು ಭಿಕ್ಷೆ ಬೇಡುವ ಕುರುಡ ಬಾರ್ತಿಮಾಯನ ಕಥೆ ಬರುತ್ತದೆ. ಯೇಸು ಹೋಗುತ್ತಿದ್ದಾನೆಂದು ಕೇಳಿ ಅವನು ಕೂಗುತ್ತಾನೆ. ಸುಮ್ಮನಿರೆಂದು ಜನ ಗದರಿಸುತ್ತಾರೆ. ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ನಿಂತು ಅವನನ್ನು ಕರೆಸುತ್ತಾನೆ. ಹೊದ್ದ ಬಟ್ಟೆಯನ್ನು ಎಸೆದು ಅವನು ಎದ್ದು ಬರುತ್ತಾನೆ. ತನ್ನಿಂದ ಏನಾಗಬೇಕೆಂದು ಯೇಸು ಕೇಳಿದಾಗ ದೃಷ್ಟಿ ಬೇಕೆನ್ನುತ್ತಾನೆ. ಕಣ್ಣು ಬಂದ ಮೇಲೆ ಯೇಸುವಿನ ಹಿಂದೆಯೇ ನಡೆಯುತ್ತಾನೆ.

ಲೆಕ್ಟಿಯೋ ಡಿವಿನಾ: ಈ ಏಳೆಂಟು ವಾಕ್ಯಗಳನ್ನು ನಿಧಾನವಾಗಿ, ತುಟಿ ಅಲುಗುವಂತೆ, ಎರಡು ಮೂರು ಸಲ ಓದುತ್ತಾರೆ. ಯಾವುದೋ ಒಂದು ಮಾತು ಮನಸ್ಸನ್ನು ತಡೆದು ನಿಲ್ಲಿಸುತ್ತದೆ. ಉದಾಹರಣೆಗೆ ಗದರಿಸಿದ ಜನ. ಓದುವುದನ್ನು ಅಲ್ಲೇ ನಿಲ್ಲಿಸಿ, ತಾನು ಯಾರ ಕೂಗನ್ನು ಅಡಗಿಸಿದ್ದೇನೆ, ತನ್ನೊಳಗಿನ ಯಾವ ಕೂಗನ್ನು ಅಡಗಿಸುತ್ತಿದ್ದೇನೆ ಎಂದು ಮನನ ಮಾಡುತ್ತಾರೆ. ಅದರಿಂದ ಹೊಮ್ಮಿದ್ದನ್ನು ತಮ್ಮ ಮಾತಿನಲ್ಲೇ ದೇವರಿಗೆ ಹೇಳಿಕೊಳ್ಳುತ್ತಾರೆ. ಕೊನೆಯಲ್ಲಿ ಮಾತು ಬಿಟ್ಟು ಸುಮ್ಮನೆ ಕೂರುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಎಲ್ಲ ಭಕ್ತರೂ ಬೈಬಲನ್ನು ಪ್ರಾರ್ಥನಾಪೂರ್ವಕವಾಗಿ ಓದಬೇಕೆಂದು ಕರೆಕೊಟ್ಟ ಮೇಲೆ ಈ ಕ್ರಮ ಸಾಮಾನ್ಯ ಕೆಥೋಲಿಕರ ನಡುವೆಯೂ ಹರಡಿತು.

ಇಗ್ನೇಷಿಯಸ್ ಕ್ರಮ: ಇಲ್ಲಿ ಕಲ್ಪನೆಗೆ ಕೆಲಸ. ಜೆರಿಕೋದ ದೂಳು, ಬಿಸಿಲು, ಜನರ ನೂಕುನುಗ್ಗಲು, ನೆಲಕ್ಕೆ ಬಿದ್ದ ಬಟ್ಟೆ ಎಲ್ಲವನ್ನೂ ಒಳಗಣ್ಣಿನಿಂದ ಕಂಡು, ಕಿವಿಯಾರೆ ಕೇಳಿ, ಆ ದೃಶ್ಯದಲ್ಲಿ ತಾವೂ ಒಬ್ಬರಾಗುತ್ತಾರೆ: ಕುರುಡನಾಗಿಯೋ, ಗುಂಪಿನವನಾಗಿಯೋ, ಕೈಹಿಡಿದು ಕರೆತಂದವನಾಗಿಯೋ. ಬಳಿಕ ಗೆಳೆಯನೊಡನೆ ಮಾತಾಡುವಂತೆ ಯೇಸುವಿನೊಡನೆ ಮಾತಾಡಿ ಮುಗಿಸುತ್ತಾರೆ.

ಯೇಸು ಪ್ರಾರ್ಥನೆ: ಬಾರ್ತಿಮಾಯನ ಕೂಗು ಮತ್ತು ಲೂಕನ 18ನೇ ಅಧ್ಯಾಯದ ಸುಂಕದವನ ಮೊರೆ ಈ ಜಪದ ಮೂಲಗಳು. ಕಥೆಯನ್ನು ಬದಿಗಿಟ್ಟು ಆ ಕೂಗೊಂದನ್ನೇ ತನ್ನದಾಗಿಸಿಕೊಂಡು ಮತ್ತೆ ಮತ್ತೆ ಹೇಳುವುದು ಇದರ ಕ್ರಮ. ಎಣಿಸಲು ಗಂಟುಗಳ ದಾರವೂ ಉಂಟು. 1884ರಲ್ಲಿ ಕಜಾನ್‌ನಲ್ಲಿ ಅಚ್ಚಾದ ರಷ್ಯನ್ ಯಾತ್ರಿಕನ ಆತ್ಮಕಥನದಲ್ಲಿ ಗುರುವೊಬ್ಬ ದಿನಕ್ಕೆ 3000, ಆಮೇಲೆ 6000, ಆಮೇಲೆ 12000 ಜಪ ಮಾಡಲು ಹೇಳುತ್ತಾನೆ. ಸಂಸಾರಿಗಳಿಗೆ ಆರ್ಥಡಾಕ್ಸ್ ಗುರುಗಳು ಸಾಮಾನ್ಯವಾಗಿ ಸೂಚಿಸುವುದು ಇಷ್ಟು ದೊಡ್ಡ ಸಂಖ್ಯೆಯನ್ನಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು, ಮತ್ತೆ ನಡೆಯುವಾಗ, ಕಾಯುವಾಗ, ಕೈಕೆಲಸದಲ್ಲಿರುವಾಗ.

ಜಪಸರ: ಕೆಥೋಲಿಕರಲ್ಲಿ ಇದಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಮನೆಯ ಧ್ಯಾನ ಇಲ್ಲ. ಬಾಯಿ ನಮೋ ಮರಿಯಾ ಪ್ರಾರ್ಥನೆಯನ್ನು ಹತ್ತು ಸಲ ಹೇಳುವಷ್ಟು ಹೊತ್ತು ಮನಸ್ಸು ಕ್ರಿಸ್ತನ ಜೀವನದ ಒಂದು ರಹಸ್ಯದಲ್ಲಿ, ಅಂದರೆ ಒಂದು ಪ್ರಸಂಗದಲ್ಲಿ, ನೆಲೆಸಬೇಕು. ಅಂಥ ಐದು ಹತ್ತುಗಳು ಸೇರಿ ಒಂದು ಸುತ್ತು. ಈ ಪ್ರಾರ್ಥನೆಗೆ 1569ರಲ್ಲಿ ಪೋಪ್ ಐದನೆಯ ಪಿಯೂಸ್ ಅಧಿಕೃತ ಮನ್ನಣೆ ನೀಡಿದರು. 15 ಇದ್ದ ರಹಸ್ಯಗಳಿಗೆ 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು. ತಪಸ್ಸುಕಾಲದ ಶುಕ್ರವಾರಗಳಂದು 14 ಸ್ಥಳಗಳ ಶಿಲುಬೆಯ ಹಾದಿ ಇದೇ ಬಗೆಯ ಧ್ಯಾನವನ್ನು ಕಾಲ್ನಡಿಗೆಯಲ್ಲಿ ನಡೆಸುತ್ತದೆ.

ಮೌನ ಜಪ: ಐರಿಷ್ ಮೂಲದ ಜಾನ್ ಮೇನ್ 1950ರ ದಶಕದಲ್ಲಿ ಮಲಯದಲ್ಲಿ ಸರ್ಕಾರಿ ಸೇವೆಯಲ್ಲಿದ್ದಾಗ ಸ್ವಾಮಿ ಸತ್ಯಾನಂದರಿಂದ ಮಂತ್ರಜಪ ಕಲಿತರು. ಬಳಿಕ ಬೆನೆಡಿಕ್ಟೈನ್ ಸನ್ಯಾಸಿಯಾಗಿ, ಅದೇ ಬಗೆಯ ಉಪದೇಶವನ್ನು ಕ್ಯಾಸಿಯನ್ನನ ಬರಹದಲ್ಲಿ ಕಂಡು, ಮಾರನಾಥ ಎಂಬ ಅರಮಾಯಿಕ್ ಪದದ ಜಪವನ್ನು ಗೃಹಸ್ಥರಿಗೆ ಕಲಿಸಿದರು: ಬೆಳಿಗ್ಗೆ ಸಂಜೆ 20ರಿಂದ 30 ನಿಮಿಷ. ಅವರ ಪರಂಪರೆಯಿಂದ 1991ರಲ್ಲಿ ಕ್ರೈಸ್ತ ಧ್ಯಾನದ ವಿಶ್ವ ಸಮುದಾಯ ಹುಟ್ಟಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪೆನ್ಸರ್ ಮಠದಲ್ಲಿ ಥಾಮಸ್ ಕೀಟಿಂಗ್ ಮತ್ತು ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ಕೇಂದ್ರೀಕರಣ ಪ್ರಾರ್ಥನೆಯೂ ಇದಕ್ಕೆ ಹತ್ತಿರದ್ದು.

ದಿನಚರಿಯಲ್ಲಿ

ಈ ಎಲ್ಲ ಗುರುಗಳೂ ಒಪ್ಪುವ ಕೆಲವು ಮಾತುಗಳಿವೆ. ಹೊತ್ತು ಗೊತ್ತಾಗಿರಬೇಕು, ಬಿಡುವಾದಾಗ ಮಾಡೋಣವೆಂದರೆ ಬಿಡುವೇ ಆಗುವುದಿಲ್ಲ. ಜಾಗ ಒಂದೇ ಇರಲಿ; ಮನೆಯ ಒಂದು ಮೂಲೆ, ಒಂದು ಕುರ್ಚಿ ಸಾಕು. ಹೊಸಬರಿಗೆ ಹತ್ತು ನಿಮಿಷವೇ ಧಾರಾಳ. ಓದಬೇಕಾದ ಭಾಗವನ್ನು ಹಿಂದಿನ ರಾತ್ರಿಯೇ ಆರಿಸಿಟ್ಟರೆ ಬೆಳಗಿನ ಹೊತ್ತು ಪುಟ ತಿರುವುವುದರಲ್ಲಿ ಕಳೆಯುವುದಿಲ್ಲ. ಮನಸ್ಸು ಓಡಿದರೆ ಅದರ ಮೇಲೆ ಸಿಟ್ಟಾಗದೆ ವಾಕ್ಯಕ್ಕೆ ಮರಳಬೇಕು. ಹಾಗೆ ಮರಳುವುದೂ ಧ್ಯಾನದ ಭಾಗವೇ.

ಹಗಲಿನಲ್ಲಿ ಚಿಕ್ಕ ಪ್ರಾರ್ಥನೆಗಳ ಪಾತ್ರ ದೊಡ್ಡದು. ಬಸ್ಸಿನಲ್ಲಿ ಜೋತು ನಿಂತವರು, ಮಗುವಿಗೆ ಊಟ ಮಾಡಿಸುವವರು, ಕಚೇರಿಯಲ್ಲಿ ಕಟುಮಾತು ಕೇಳಿಸಿಕೊಂಡವರು ಕಣ್ಣು ಮುಚ್ಚದೆಯೇ ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಪ್ರಾರ್ಥನೆಗಳು ಇವು. ಬೆಳಿಗ್ಗೆ ಆರಿಸಿಕೊಂಡ ವಾಕ್ಯವನ್ನು ಇಂಥ ಗಳಿಗೆಗಳಲ್ಲಿ ನೆನೆದರೆ ದಿನದ ತುಣುಕುಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ರಾತ್ರಿಗೆ ಆತ್ಮಶೋಧನೆ. ಇಗ್ನೇಷಿಯಸ್ ಇದನ್ನು ಐದು ಹೆಜ್ಜೆಗಳಲ್ಲಿ ಕಲಿಸಿದ: ಪಡೆದದ್ದಕ್ಕೆ ಕೃತಜ್ಞತೆ, ತನ್ನನ್ನು ತಾನು ಕಾಣಲು ಬೇಕಾದ ಬೆಳಕಿಗಾಗಿ ಬೇಡಿಕೆ, ಎದ್ದಾಗಿನಿಂದ ಒಂದೊಂದು ಗಂಟೆಯನ್ನೂ ನೆನೆದು ನೋಡುವುದು, ತಪ್ಪಿಗೆ ಕ್ಷಮೆ, ನಾಳೆಗೆ ಸಂಕಲ್ಪ. ಮೊದಲ ಹೆಜ್ಜೆ ಕೃತಜ್ಞತೆಯೇ ಆಗಿರುವುದು ಗಮನಿಸಬೇಕಾದ ಸಂಗತಿ. ಕೊಡುಗೆಗಳನ್ನು ಎಣಿಸಿದ ಬಳಿಕ ತಪ್ಪುಗಳನ್ನು ನೋಡುವವನು ಧೈರ್ಯಗೆಡುವುದಿಲ್ಲ. ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯುವ ಈ ಕ್ರಮ, ಬೇರೇನೂ ಮಾಡಲಾಗದ ದಿನವೂ ಉಳಿಯಬೇಕಾದ ಪ್ರಾರ್ಥನೆ ಎಂಬುದು ಜೆಸ್ಯೂಟರ ನಿಲುವು.

ಭಾರತ ಮತ್ತು ಕರ್ನಾಟಕದಲ್ಲಿ

ಕನ್ನಡದಲ್ಲಿ ಇಡೀ ಬೈಬಲ್ 1831ರಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಹೊರಬಂತು. ಮನೆಮಂದಿ ಕೂತು ಅಧ್ಯಾಯ ಓದಿ, ಕೀರ್ತನೆ ಹಾಡಿ, ಪ್ರಾರ್ಥಿಸುವ ಕುಟುಂಬ ಪ್ರಾರ್ಥನೆ ಪ್ರಾಟೆಸ್ಟೆಂಟ್ ಮನೆಗಳಲ್ಲಿ ಅದರಿಂದ ಸಾಧ್ಯವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಈ ಶಿಸ್ತನ್ನು ಕರಾವಳಿಯಲ್ಲಿ ಬೆಳೆಸಿತು. ಫರ್ಡಿನೆಂಡ್ ಕಿಟ್ಟೆಲ್ 1862ರ ಕಥಾಮಾಲೆಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಪದ್ಯರೂಪಕ್ಕೆ ತಂದ. ಮಂಗಳೂರಿನ ಕೊಂಕಣಿ ಕೆಥೋಲಿಕರ ಮನೆಗಳಲ್ಲಿ ಸಂಜೆಯ ತೇರ್ಸ್, ಅಂದರೆ ಜಪಸರ, ಹಿರಿಯರು ಮಕ್ಕಳು ಕೂಡಿ ನಡೆಸುವ ನಿತ್ಯದ ಧ್ಯಾನ. ಅದು ಮುಗಿದ ಮೇಲೆ ಕಿರಿಯರು ಹಿರಿಯರ ಆಶೀರ್ವಾದ ಬೇಡುವ ರೂಢಿಯೂ ಉಂಟು.

ಭಾರತೀಯ ಸಾಧನೆಯೊಡನೆ ಕ್ರೈಸ್ತ ಧ್ಯಾನದ ಮಾತುಕತೆ 20ನೇ ಶತಮಾನದಲ್ಲಿ ಗಟ್ಟಿಯಾಯಿತು. ಫ್ರೆಂಚ್ ಗುರುಗಳಾದ ಜೂಲ್ಸ್ ಮೊನ್‌ಶಾನಾ ಮತ್ತು ಅಭಿಷಿಕ್ತಾನಂದ ಎಂಬ ಹೆಸರು ತಳೆದ ಆನ್ರಿ ಲ ಸೊ 1950ರಲ್ಲಿ ತಮಿಳುನಾಡಿನ ಕುಳಿತಲೈ ಬಳಿ ಕಾವೇರಿ ತೀರದಲ್ಲಿ ಶಾಂತಿವನ ಆಶ್ರಮವನ್ನು ಆರಂಭಿಸಿದರು. ಇಂಗ್ಲೆಂಡಿನ ಬೆನೆಡಿಕ್ಟೈನ್ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದು ಮೊದಲು ನೆಲೆಸಿದ್ದು ಬೆಂಗಳೂರಿನ ಕೆಂಗೇರಿಯಲ್ಲಿ. ಅನಂತರ ಕೇರಳದ ಕುರಿಶುಮಲೆಯಲ್ಲಿದ್ದು, 1968ರಿಂದ ಶಾಂತಿವನವನ್ನು ನಡೆಸಿದರು. ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದ ಡಿ. ಎಸ್. ಅಮಲೋರ್ಪವದಾಸ್ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು. ಲೋನಾವಳದಲ್ಲಿ ಸಾಧನಾ ಸಂಸ್ಥೆ ನಡೆಸಿದ ಜೆಸ್ಯೂಟ್ ಗುರು ಆಂಥನಿ ಡಿ ಮೆಲ್ಲೊ 1978ರ ತಮ್ಮ ಸಾಧನಾ ಪುಸ್ತಕದಲ್ಲಿ ಉಸಿರು, ದೇಹದ ಅರಿವು, ಬೈಬಲ್ ಕಲ್ಪನೆ ಇವನ್ನು ಒಟ್ಟಿಗೆ ತಂದರು.

ಆಕ್ಷೇಪ ಮತ್ತು ಎಚ್ಚರ

ಭಾರತೀಯ ಸಾಧನೆಯೊಡನೆ ನಡೆದ ಈ ಬೆಸುಗೆಯನ್ನು ಎಲ್ಲರೂ ಒಪ್ಪಿಲ್ಲ. ವ್ಯಾಟಿಕನ್ನಿನ ಧರ್ಮಸಿದ್ಧಾಂತ ವಿಭಾಗ 1989ರ ಅಕ್ಟೋಬರ್ 15ರ ಪತ್ರದಲ್ಲಿ, ಬೇರೆ ಧರ್ಮಗಳ ವಿಧಾನಗಳಲ್ಲಿ ಉಪಯುಕ್ತವಾದುದನ್ನು ತೆಗೆದುಕೊಳ್ಳಬಹುದು, ಆದರೆ ಮೈಯಲ್ಲಿ ಆಗುವ ಹಿತದ ಅನುಭವವನ್ನೇ ಪವಿತ್ರಾತ್ಮನ ಸಾಂತ್ವನವೆಂದು ಭ್ರಮಿಸಬಾರದು ಎಂದು ಎಚ್ಚರಿಸಿತು. 1998ರಲ್ಲಿ ಡಿ ಮೆಲ್ಲೊ ಬರಹಗಳ ಕೆಲವು ನಿಲುವುಗಳ ಬಗ್ಗೆಯೂ ಅದು ಆಕ್ಷೇಪಣೆ ಹೊರಡಿಸಿತು. ಮನಸ್ಸನ್ನು ಬರಿದು ಮಾಡುವುದಕ್ಕಿಂತ ದೇವರ ವಾಕ್ಯದಿಂದ ತುಂಬಿಸುವುದೇ ಧ್ಯಾನವೆಂದು ಅನೇಕ ಇವ್ಯಾಂಜೆಲಿಕಲ್ ಸಭೆಗಳು ವಾದಿಸುತ್ತವೆ. ಕ್ರೈಸ್ತ ಧ್ಯಾನದಲ್ಲಿ ತಂತ್ರಕ್ಕಿಂತ ಕೃಪೆ ದೊಡ್ಡದು, ದೇವರು ಎದುರಿಗಿರುವ ವ್ಯಕ್ತಿ ಎಂಬಲ್ಲಿ ಈ ಎಲ್ಲ ಪಕ್ಷಗಳೂ ಕೂಡುತ್ತವೆ.

ಅಭ್ಯಾಸದಲ್ಲಿ ಎದುರಾಗುವ ತೊಡಕುಗಳೂ ಹಳೆಯವೇ. ನಡುಹಗಲಲ್ಲಿ ಕವಿಯುವ ಬೇಸರ, ಜಡತೆಗಳನ್ನು 4ನೇ ಶತಮಾನದ ಮರುಭೂಮಿ ತಪಸ್ವಿ ಎವಾಗ್ರಿಯಸ್ ಸೂಕ್ಷ್ಮವಾಗಿ ವರ್ಣಿಸಿದ್ದ. ಆವಿಲಾದ ತೆರೇಸಾ ಹಲವು ವರ್ಷ ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತೆಂದು ಕಿವಿಗೊಟ್ಟು ಕಾದದ್ದನ್ನು, ಪುಸ್ತಕದ ಆಸರೆ ಇಲ್ಲದೆ ಕೂರಲಾಗದೆ ಇದ್ದದ್ದನ್ನು ಮುಚ್ಚಿಡದೆ ಬರೆದಿದ್ದಾಳೆ. ಪ್ರಾರ್ಥನೆಯ ಮಹಾಗುರು ಎಂದು ಧರ್ಮಸಭೆ ಗೌರವಿಸುವವಳ ಮಾತಿದು. ರುಚಿ ಇಲ್ಲದ ದಿನವೂ ಕೂತೇಳುವ ನಿಷ್ಠೆಯೇ ಮುಖ್ಯ ಎಂಬುದು ಅವಳ ಬದುಕಿನ ಪಾಠ.

ಫಲದ ಪರೀಕ್ಷೆ

ಧ್ಯಾನ ಸರಿಯಾಗಿದೆಯೇ ಎಂದು ತಿಳಿಯಲು ಈ ಪರಂಪರೆ ದರ್ಶನ, ಆನಂದ, ಮೌನದ ಆಳ ಇವನ್ನು ಅಳತೆಗೋಲಾಗಿ ಬಳಸುವುದಿಲ್ಲ. ನೆರೆಯವರೊಡನೆ ನಡೆದುಕೊಳ್ಳುವ ರೀತಿಯನ್ನು ಬಳಸುತ್ತದೆ. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುವಾರ್ತೆಯ ಸಹೋದರಿಯರಾದ ಮಾರ್ತಳ ದುಡಿಮೆ ಮತ್ತು ಮರಿಯಳ ಆಲಿಸುವಿಕೆ ಒಂದೇ ಮನೆಯಲ್ಲಿ ಕೂಡಿರಬೇಕೆಂದು ತೆರೇಸಾ ಒತ್ತಿ ಹೇಳಿದಳು. ವಿನ್ಸೆಂಟ್ ದ ಪಾಲ್ 1633ರಲ್ಲಿ ಲೂಯಿಸ್ ದ ಮಾರಿಯಾಕ್ ಜೊತೆ ಸ್ಥಾಪಿಸಿದ ಸೇವಾ ಸಹೋದರಿಯರಿಗೆ, ಪ್ರಾರ್ಥನೆಯ ಹೊತ್ತಿನಲ್ಲಿ ಬಡ ರೋಗಿಗೆ ಔಷಧಿ ಒಯ್ಯಬೇಕಾಗಿ ಬಂದರೆ ಅಳುಕದೆ ಎದ್ದು ಹೋಗಿ ಎಂದು ಬೋಧಿಸಿದ. ಅಲ್ಲಿ ಕಾದಿರುವವನೂ ದೇವರೇ ಎಂಬುದು ಅವನ ತರ್ಕ. ಆದರೆ ಅದೇ ಸಹೋದರಿಯರಿಗೆ ನಸುಕಿನ ಧ್ಯಾನವನ್ನು ತಪ್ಪಿಸಬಾರದೆಂದೂ ಅವನು ವಿಧಿಸಿದ್ದ. ಕೂತು ಕಲಿತದ್ದು ಎದ್ದು ನಡೆಯುವಾಗ ಒದಗಬೇಕು, ನಡೆದು ದಣಿದವರು ಮತ್ತೆ ಬಂದು ಕೂರಬೇಕು. ದಿನನಿತ್ಯದ ಕ್ರೈಸ್ತ ಧ್ಯಾನ ಕೇಳುವುದು ಈ ಎರಡನ್ನೇ, ಮತ್ತು ಅವೆರಡೂ ಯಾವ ಕಸುಬಿನವರಿಗೂ ಎಟುಕುವಂಥವು.